ಗಾಡಿಯೊಳಗಿನ ಹರಾಜು

ಮಳೆ ಹಿಡಿಯಿತೆಂದರೆ ಬೈಂದೂರು, ಮರವಂತೆ, ತ್ರಾಸಿ ಕಡೆಯ ಗಾಡಿಗಳು ಕುಂದಾಪುರದ ನಮ್ಮ ವೈರಿಂಗ್ ಅಂಗಡಿಗೆ ಸಾಲುಗಟ್ಟುತ್ತವೆ. "ಹ್ವಾಯ್, ಮೀಟರ್ ಮುಳ್ಳೇ ಏಳುದಿಲ್ಲ ಕಾಣಿ" ಎನ್ನುತ್ತಾರೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಆ ಹೆದ್ದಾರಿಯಲ್ಲಿ ದಿನಾ ಓಡುವ ಗಾಡಿಯ ಕನೆಕ್ಟರಿಗೆ ಕಿಲುಬು ಹಿಡಿಯದೆ ಇನ್ನೇನು? ಸ್ಕ್ಯಾನರ್ ಹಾಕಿದರೆ ಯು0100 ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ. ಎಂಜಿನ್ ಕಂಪ್ಯೂಟರಿನ ಸಂಪರ್ಕ ತಪ್ಪಿದೆ ಎಂದರ್ಥ. ಎಲ್ಲಿ ತಪ್ಪಿತು ಎಂದು ನಾವೇ ಹುಡುಕಬೇಕು.

ಈಗಿನ ಗಾಡಿಗಳಲ್ಲಿ ಎಂಜಿನ್, ಬ್ರೇಕ್, ಮೀಟರ್ ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್. ಹೊಸೆದ ಎರಡೇ ತಂತಿಗಳ ಮೇಲೆ ಅವುಗಳ ಮಾತುಕತೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದ ಈ ಏರ್ಪಾಡೇ ಕ್ಯಾನ್ ಬಸ್. ಗಂಗೊಳ್ಳಿ ಬಂದರಿನ ಮೀನು ಹರಾಜಿನ ಹಾಗೆ ಒಬ್ಬರ ಕೂಗು ಎಲ್ಲರಿಗೂ ಕೇಳುತ್ತದೆ. ಆದರೆ ಇಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಸಂದೇಶದ ಗುರುತಿನ ಸಂಖ್ಯೆ ಕಡಿಮೆ ಇದ್ದವನೇ ಗೆಲ್ಲುವುದು. ಸೋತವನು ತಡೆದು ಮತ್ತೆ ಕೂಗುತ್ತಾನೆ. ಒಂದು ಕೂಗಿಗೆ ಹೆಚ್ಚೆಂದರೆ 8 ಬೈಟ್.

ಲ್ಯಾಪ್‌ಟಾಪಿಗಿಂತ ಮೊದಲು ಮಲ್ಟಿಮೀಟರ್. ಬ್ಯಾಟರಿ ಕಳಚಿ, ಸ್ಟೇರಿಂಗ್ ಕೆಳಗಿನ 16 ಪಿನ್ನಿನ, ಗಾಡಿ ತಪಾಸಣೆಯ ಓಬಿಡಿ ಸಾಕೆಟ್ಟಿನಲ್ಲಿ 6 ಮತ್ತು 14ನೆಯ ಪಿನ್ನಿಗೆ ಮುಟ್ಟಿಸಿದರೆ ಸುಮಾರು 60 ಓಮ್ ಬರಬೇಕು. ತಂತಿಯ ಎರಡೂ ತುದಿಯಲ್ಲಿ 120 ಓಮಿನ ರೆಸಿಸ್ಟರ್ ಇರುತ್ತದಲ್ಲ, ಅದಕ್ಕೆ. 120 ತೋರಿದರೆ ಒಂದು ತುದಿ ಕಡಿದಿದೆ. ಕಿಲುಬು ಎಲ್ಲಿದೆ ನೋಡಿ.

ಮಾತು ಕೇಳಲು ಲಿನಕ್ಸ್ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಅಡಾಪ್ಟರ್ ಸಾಕು. ಲಿನಕ್ಸಿನೊಳಗಿನ ಸಾಕೆಟ್‌ಕ್ಯಾನ್ ತಂತ್ರಾಂಶ ಕೊಟ್ಟದ್ದು ಫೋಕ್ಸ್‌ವ್ಯಾಗನ್ ಸಂಶೋಧನಾ ವಿಭಾಗ. 2008ರಿಂದ ಅದು ಲಿನಕ್ಸಿನ ಭಾಗವೇ, ಎಲ್ಲರಿಗೂ ಪುಕ್ಕಟೆ. ಕ್ಯಾನ್‌ಡಂಪ್ ಎಂದು ಟೈಪಿಸಿದರೆ ಅಂಕಿಗಳು ಓಡತೊಡಗುತ್ತವೆ. ಕೆಲವು ಹೊಸ ಕಾರುಗಳಲ್ಲಿ ನಡುವೆ ಗೇಟ್‌ವೇ ಕೂತಿರುತ್ತದೆ. ಅಲ್ಲಿ ಪ್ರಶ್ನೆ ಕೇಳಿದರಷ್ಟೇ ಉತ್ತರ.

ಆ ಓಬಿಡಿ ಪ್ರಶ್ನೋತ್ತರ ಸಲೀಸು, ಅದರ ಲೆಕ್ಕ ಎಲ್ಲ ಕಂಪನಿಗೂ ಒಂದೇ. ಎಂಜಿನ್ ವೇಗ ಕೇಳಿದಾಗ 12, 128 ಎಂದು ಎರಡು ಬೈಟ್ ಬಂತೆನ್ನಿ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಿದರೆ ನಿಮಿಷಕ್ಕೆ 800 ಸುತ್ತು.

ಬಾಗಿಲು, ವೈಪರ್, ಇಂಡಿಕೇಟರ್ ಮಾತ್ರ ಕಂಪನಿಯ ಗುಟ್ಟು. ಯಾವ ಬೈಟಿಗೆ ಯಾವ ಅರ್ಥ ಎಂದು ಬರೆದಿಟ್ಟ ಡಿಬಿಸಿ ಫೈಲನ್ನು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ನನಗೆ ನಿಜವಾದ ರುಚಿ ಇರುವುದೂ ಇಲ್ಲೇ. ಬ್ರಹ್ಮಾವರದಿಂದ ಕೆಲಸ ಕಲಿಯಲು ಬರುವ ಹುಡುಗ ಒಳಗೆ ಕೂತು ಎಡ ಇಂಡಿಕೇಟರ್ ಹಾಕುತ್ತಾನೆ, ತೆಗೆಯುತ್ತಾನೆ. ಲ್ಯಾಪ್‌ಟಾಪಿನಲ್ಲಿ ಕ್ಯಾನ್‌ಸ್ನಿಫರ್ ಬದಲಾದ ಬೈಟನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಒಂದು ಸಲಕ್ಕೆ ಒಂದೇ ಸ್ವಿಚ್. ಸೆಖೆ ಎಂದು ನಡುವೆ ಎಸಿ ಹಾಕಿದರೆ ಕೆಟ್ಟಿತು. ಸಿಕ್ಕಿದ್ದನ್ನು ಸ್ಯಾವಿಕ್ಯಾನ್ ತಂತ್ರಾಂಶದಲ್ಲಿ ಗ್ರಾಫ್ ಮಾಡಿ ನೋಡಿ, ನಮ್ಮದೇ ಡಿಬಿಸಿ ಬರೆದಿಡುತ್ತೇವೆ.

ಕೇಳುವುದು ಬೇರೆ, ಕೂಗುವುದು ಬೇರೆ. ಕ್ಯಾನ್ ಸಂದೇಶವನ್ನು ಕಳಿಸಿದ್ದು ಯಾರು ಎಂದು ಪರೀಕ್ಷಿಸುವ ವ್ಯವಸ್ಥೆ ಈ ಬಸ್ಸಿಗೇ ಇಲ್ಲ. 2015ರಲ್ಲಿ ಅಮೆರಿಕದ ಭದ್ರತಾ ಸಂಶೋಧಕರಾದ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ದೂರದಲ್ಲಿ ಕೂತೇ ನಿತ್ರಾಣಗೊಳಿಸಿ ತೋರಿಸಿದರು. ಆಮೇಲೆ 14 ಲಕ್ಷ ವಾಹನಗಳನ್ನು ಸರಿಪಡಿಸಲು ವಾಪಸ್ ಕರೆಯಬೇಕಾಯಿತು. ಓಬಿಡಿ ಪ್ರಶ್ನೆಗಳ ಹೊತ್ತು ಬಿಟ್ಟರೆ ನಮ್ಮ ಅಡಾಪ್ಟರ್ ಬರೀ ಕೇಳುವ ಮೋಡಿನಲ್ಲಿರುತ್ತದೆ. ಸಂದೇಶ ಕಳಿಸುವ ಕ್ಯಾನ್‌ಸೆಂಡನ್ನು ಹುಡುಗನಿಗೆ ಕಲಿಸಿದ್ದೂ ಗುಜರಿಯಿಂದ ತಂದು ಮೇಜಿನ ಮೇಲಿಟ್ಟ ಮೀಟರಿನಲ್ಲಿ, ಗಿರಾಕಿಯ ಗಾಡಿಯಲ್ಲಿ ಅಲ್ಲ.