ಉಬ್ಬರದ ಹೊತ್ತಿಗೆ ಬೀಳುವ ಮಳೆ

ಮಳೆಗಾಲವು ಸಮೀಪಿಸಿದೊಡನೆ ಮುಂಬಯಿ ಮಹಾನಗರಪಾಲಿಕೆಯು ಒಂದು ಪಟ್ಟಿಯನ್ನು ಪ್ರಕಟಿಸುತ್ತದೆ. ಜೂನಿನಿಂದ ಸಪ್ಟಂಬರದವರೆಗೆ ಕಡಲಿನ ಉಬ್ಬರವು ನಾಲ್ಕೂವರೆ ಮೀಟರನ್ನು ಮೀರುವ ದಿನಗಳು ಯಾವುವು, ಯಾವ ಹೊತ್ತಿನಲ್ಲಿ ಮೀರುವುದು ಎಂಬ ವಿವರವು ಅದರಲ್ಲಿರುತ್ತದೆ. ಪಂಚಾಂಗದಲ್ಲಿ ಏಕಾದಶಿಯನ್ನೂ ಸಂಕಷ್ಟಿಯನ್ನೂ ತಪ್ಪದೆ ನೋಡಿಕೊಳ್ಳುವ ನಮ್ಮವರಲ್ಲಿ ಈ ಪಟ್ಟಿಯನ್ನು ಓದುವವರು ವಿರಳ. ಆದರೆ ಮಾಟುಂಗಾದ ಹೋಟೆಲಿನಲ್ಲಿ ದುಡಿದು ರಾತ್ರಿ ಉಗ್ರಾಣದಲ್ಲಿಯೇ ಚಾಪೆ ಹಾಸುವವರಿಗೂ, ಡೊಂಬಿವಲಿಯಿಂದ ಕೋಟೆಯ ಕಚೇರಿಗೆ ಲೋಕಲ್ ಗಾಡಿ ಹಿಡಿಯುವ ಗುಮಾಸ್ತರಿಗೂ ಇದಕ್ಕಿಂತ ಉಪಯುಕ್ತವಾದ ಪಂಚಾಂಗ ಬೇರೊಂದಿಲ್ಲ.

ಕಾರಣವು ಸರಳವಾದುದು. ಏಳು ದ್ವೀಪಗಳ ನಡುವಣ ನೀರನ್ನು ಮಣ್ಣಿನಿಂದ ತುಂಬಿ ಒಂದಾಗಿಸಿದ ಊರು ಇದು. ತುಂಬಿದ ನೆಲವು ತಗ್ಗಾಗಿಯೇ ಉಳಿದಿದೆ. ಮಳೆಯ ನೀರನ್ನು ಕಡಲಿಗೆ ಒಯ್ಯುವ ಮೋರಿಗಳ ಬಾಯಿಗಳು 180ಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಕಡಲು ಏರಿದಾಗ ಮೋರಿಯ ನೀರು ಹೊರಕ್ಕೆ ಹೋಗಲಾರದು. ಬಾಗಿಲಿಲ್ಲದ ಕಡೆ ಕಡಲೇ ಒಳಕ್ಕೆ ಬರುತ್ತದೆ. ಆ ಹೊತ್ತಿಗೇ ಮಳೆ ಸುರಿದರೆ ಹಿಂದ್‌ಮಾತಾದಲ್ಲಿ ಮೊಣಕಾಲು ಮುಳುಗುತ್ತದೆ. ಕುರ್ಲಾ, ಸಾಯನ್‌ಗಳ ಹಳಿಗಳು ಕಾಣದಾಗುತ್ತವೆ. ಬ್ರಿಟಿಷರ ಕಾಲದ ಮೋರಿಗಳ ಲೆಕ್ಕವು ಗಂಟೆಗೆ 25 ಮಿಲಿಮೀಟರ್ ಮಳೆಯದು, ಅದೂ ಇಳಿತದ ಹೊತ್ತಿನಲ್ಲಿ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ನೂರು ಮಿಲಿಮೀಟರಿಗೂ ಕಡಿಮೆ. ದಕ್ಷಿಣದ ಕಚೇರಿಗಳಲ್ಲಿ ಕುಳಿತವರಿಗೆ ಉತ್ತರದಲ್ಲಿ ನಡೆಯುತ್ತಿದ್ದ ಅನಾಹುತವು ತಿಳಿಯಲೇ ಇಲ್ಲ. ಸಂಜೆ ಮನೆಗೆ ಹೊರಟ ಸಾವಿರಾರು ಮಂದಿ ರಾತ್ರಿಯಿಡೀ ರಸ್ತೆಯಲ್ಲಿಯೂ ನಿಂತ ಗಾಡಿಗಳಲ್ಲಿಯೂ ಕಳೆದರು. ನಗರದಲ್ಲಿ ನೂರಾರು ಜೀವಗಳು ಹೋದವು. ಅಂಥ ಮಳೆ ಶತಮಾನಕ್ಕೊಮ್ಮೆ ಎಂದು ಸಮಾಧಾನ ಹೇಳಿಕೊಂಡವರಿದ್ದರು. ಈಗ ಆ ಸಮಾಧಾನಕ್ಕೆ ಆಧಾರ ಸಾಲದು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಸುರಿಸುವಾಗ ಅದನ್ನೆಲ್ಲ ಒಮ್ಮೆಲೇ ಸುರಿಸುತ್ತದೆ. 1901ರಿಂದ 2018ರ ವರೆಗೆ ಜಗತ್ತಿನ ಸಮುದ್ರಮಟ್ಟವು ಸುಮಾರು 20 ಸೆಂಟಿಮೀಟರ್ ಏರಿದೆ, ಏರಿಕೆಯ ವೇಗವೂ ಹೆಚ್ಚುತ್ತಿದೆ. ಒಂದು ಗೇಣು ಏರಿದರೇನಾಯಿತು ಎಂದು ಕೇಳಬಹುದು. ಮೋರಿಯ ಬಾಯಿಯು ದಿನಕ್ಕೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬುದನ್ನು ಆ ಗೇಣೇ ನಿರ್ಣಯಿಸುತ್ತದೆ. 2025ರಲ್ಲಿ ಮುಂಗಾರು ಮೇ 26ರಂದೇ ಮುಂಬಯಿಗೆ ಬಂದಾಗ ಮೋರಿಗಳ ಹೂಳೆತ್ತುವ ಕೆಲಸವೇ ಮುಗಿದಿರಲಿಲ್ಲ. ಹೊಸತಾಗಿ ತೆರೆದಿದ್ದ ವರಳಿಯ ನೆಲದಡಿಯ ಮೆಟ್ರೋ ನಿಲ್ದಾಣದೊಳಗೆ ನೀರು ನುಗ್ಗಿತು.

ನಗರವು ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಒಪ್ಪಲೇಬೇಕು. ಮೋರಿಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸುವ ಯೋಜನೆಯು 1993ರಲ್ಲಿಯೇ ಸಿದ್ಧವಾಗಿತ್ತು. ಅದಕ್ಕೆ ಚುರುಕು ಬಂದುದು 2005ರ ಪ್ರಳಯದ ಅನಂತರ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಮೊದಲಾದೆಡೆ ದೊಡ್ಡ ಪಂಪುಗಳು ನಿಂತವು. ಉಬ್ಬರದಲ್ಲಿ ಬಾಗಿಲನ್ನು ಮುಚ್ಚಿ, ಒಳಗಿನ ನೀರನ್ನು ಎತ್ತಿ ಕಡಲಿಗೆ ಚೆಲ್ಲುವುದು ಅವುಗಳ ಕೆಲಸ. ಮಾಹುಲ್ ಮತ್ತು ಮೊಗ್ರಾ ಠಾಣೆಗಳು ಮಾತ್ರ ಜಾಗದ ತಂಟೆಯಲ್ಲಿ ವರ್ಷಗಟ್ಟಲೆ ತಡೆದು ನಿಂತವು. ಹಿಂದ್‌ಮಾತಾದ ನೀರಿಗಾಗಿ ದಾದರ್ ಮತ್ತು ಪರಳಗಳ ಮೈದಾನಗಳ ಅಡಿಯಲ್ಲಿ ತೊಟ್ಟಿಗಳನ್ನು ತೋಡಿದ್ದಾರೆ. ಮಳೆಯ ನೀರನ್ನು ಅಲ್ಲಿ ತಡೆದಿಟ್ಟು, ಕಡಲು ಇಳಿದ ಮೇಲೆ ಬಿಡುವ ಉಪಾಯವಿದು. ನಮ್ಮ ಮಟ್ಟಿಗೆ ಇದು ಪಂಪಿಗಿಂತ ಜಾಣತನದ ಕೆಲಸ. ಕಡಲಿನೊಡನೆ ಜಗಳವಾಡದೆ ಅದರ ಹೊತ್ತನ್ನು ಕಾಯುವುದು ಇಲ್ಲಿದೆ.

ಹಾಗೆ ನೀರಿಗೆ ತಂಗಲು ಜಾಗವನ್ನು ನಿಸರ್ಗವೇ ಕೊಟ್ಟಿತ್ತು. ವಿಹಾರ, ಪವಯಿ ಕೆರೆಗಳ ಕೋಡಿಯಿಂದ ಹೊರಟು ಮಾಹಿಮಿನ ಖಾರಿಯನ್ನು ಸೇರುವ ಮೀಠಿ ನದಿಯ ಎರಡೂ ಮಗ್ಗುಲಲ್ಲಿ ಜೌಗುನೆಲವಿತ್ತು. ವಿಮಾನ ನಿಲ್ದಾಣವು ಅದನ್ನು ಒತ್ತರಿಸಿತು. ಬಾಂದ್ರಾ-ಕುರ್ಲಾ ಸಂಕುಲವು ಅದರ ಜೌಗಿನ ಮೇಲೆಯೇ ಎದ್ದು ನಿಂತಿತು. ದಂಡೆಯ ಜೋಪಡಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಕುಂದಾಪುರ, ಹೊನ್ನಾವರಗಳ ಕಡೆಯವರಿಗೆ ಕಾಂಡ್ಲಾ ಗಿಡಗಳ ಗುಣವನ್ನು ನಾವು ಹೇಳಿಕೊಡಬೇಕಾಗಿಲ್ಲ. ಅಲೆಯ ಪೆಟ್ಟನ್ನು ಮುರಿದು ಮಣ್ಣನ್ನು ಹಿಡಿಯುವ ಗಿಡಗಳು ಅವು. ಮುಂಬಯಿಯ ಕಾಂಡ್ಲಾ ವನಗಳ ನಾಶವನ್ನು ತಡೆದು ಉಚ್ಚ ನ್ಯಾಯಾಲಯವು 2005ರಲ್ಲಿ ಅಪ್ಪಣೆ ಮಾಡಿತು, 2018ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೂ ಸಾರ್ವಜನಿಕ ಕಾಮಗಾರಿಯ ಹೆಸರಿನಲ್ಲಿ ಅವುಗಳನ್ನು ಕಡಿಯಲು ಅನುಮತಿ ಕೇಳುವುದು ನಿಂತಿಲ್ಲ. 2024ರಲ್ಲಿ ತೆರೆಯತೊಡಗಿದ ಕರಾವಳಿ ರಸ್ತೆಗಾಗಿಯೂ ಕಡಲನ್ನು ತುಂಬಿದ್ದಾಯಿತು. 2022ರ ಮಾರ್ಚಿನಲ್ಲಿ ಹವಾಮಾನ ಕಾರ್ಯಯೋಜನೆಯನ್ನು ಹೊರಡಿಸಿ, 2050ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸರಿದೂಗಿಸುವೆನೆಂದು ಸಾರಿದ ನಗರವೇ ಇದು.

ನೀರಿನ ಮಾತಿನಲ್ಲಿ ಸೆಕೆಯನ್ನು ಮರೆಯಬಾರದು. 2023ರ ಏಪ್ರಿಲ್ 16ರಂದು ಖಾರ್ಘರದ ಬಯಲಿನಲ್ಲಿ ನಡೆದ ಸಮಾರಂಭದಲ್ಲಿ ಬಿಸಿಲಿಗೆ ಸಿಕ್ಕಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಡಲ ಬದಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಯಲಿನಲ್ಲಿಯೇ ಹೀಗಾದರೆ, ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ದೋಸೆಕಲ್ಲಿನ ಮುಂದೆ ಎಂಟು ಗಂಟೆ ನಿಲ್ಲುವವನ ಪಾಡೇನು? ಹೊಗೆಯನ್ನು ಹೊರಗೆಳೆಯುವ ಪಂಖ, ಕುಡಿಯುವ ನೀರು, ಗಂಟೆಗೊಮ್ಮೆ ಹತ್ತು ನಿಮಿಷದ ನೆರಳು, ಇಷ್ಟಕ್ಕೆ ನಗರದ ಯೋಜನೆಯನ್ನು ಕಾಯಬೇಕಾಗಿಲ್ಲ.

ಮುನ್ಸೂಚನೆಯು 2005ಕ್ಕಿಂತ ಬಹಳ ಸುಧಾರಿಸಿದೆ. ಹವಾಮಾನ ಇಲಾಖೆಯು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಕೊಡುತ್ತದೆ. ಯಾವ ಭಾಗದಲ್ಲಿ ನೀರು ನಿಲ್ಲಬಹುದೆಂದು ಮೊದಲೇ ಹೇಳುವ ವ್ಯವಸ್ಥೆಯು 2020ರಲ್ಲಿ ಆರಂಭವಾಯಿತು. ಸಂಕಟದಲ್ಲಿ ಪಾಲಿಕೆಯ 1916ನ್ನು ಕರೆಯಬಹುದು. ನಿಂತ ನೀರಿನಲ್ಲಿ ನಡೆದುಬಂದವರು, ವಿಶೇಷವಾಗಿ ಕಾಲಿನಲ್ಲಿ ಗಾಯವಿದ್ದವರು, ಜ್ವರ ಬರುವ ತನಕ ಕಾಯದೆ ಮೂರು ದಿನಗಳೊಳಗೆ ಪಾಲಿಕೆಯ ದವಾಖಾನೆಗೆ ಹೋಗಬೇಕು. ಇಲಿಯ ಮೂತ್ರದಿಂದ ಹರಡುವ ಲೆಪ್ಟೋ ಜ್ವರವು 2005ರ ನೆರೆಯ ಹಿಂದೆಯೇ ಅನೇಕರನ್ನು ಒಯ್ದಿತ್ತು.

ಆದರೆ ಕೆಂಪು ಎಚ್ಚರಿಕೆಯು ಮುಂಜಾನೆಯೇ ಬಂದರೂ, ಕೆಲಸಕ್ಕೆ ಹೋಗದಿದ್ದರೆ ಆ ದಿನದ ಸಂಬಳ ಹೋಗುವುದಾದರೆ, ಗುಮಾಸ್ತನು ಗಾಡಿ ಹತ್ತುತ್ತಾನೆ, ಮಾಣಿಯು ಮೊಣಕಾಲಿನ ನೀರಿನಲ್ಲಿ ಹೋಟೆಲಿಗೆ ಬರುತ್ತಾನೆ. ಉಬ್ಬರಕ್ಕಿಂತ ಎರಡು ಗಂಟೆ ಮೊದಲು ನೌಕರರನ್ನು ಬಿಡುವುದು, ಆ ದಿನದ ಸಂಬಳವನ್ನು ಹಿಡಿಯದಿರುವುದು, ಉಗ್ರಾಣದಲ್ಲಿ ಮಲಗುವವರಿಗೆ ಮೇಲಂತಸ್ತಿನಲ್ಲಿ ಜಾಗ ಕೊಡುವುದು, ಇವನ್ನು ನಮ್ಮ ಸಂಘಗಳೂ ಹೋಟೆಲ್ ಧಣಿಗಳೂ ಮೇ ತಿಂಗಳಿನಲ್ಲಿಯೇ ಕುಳಿತು ಗೊತ್ತುಮಾಡಬಹುದು. ಉಬ್ಬರದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗಲ್ಲೆಯ ಹಿಂದಿನ ಗೋಡೆಗೆ, ದೇವರ ಪಟದ ಕೆಳಗೆ ಅಂಟಿಸಲು ಖರ್ಚೂ ಇಲ್ಲ.