ಅಮೀನಗಡದ ಕರದಂಟು, ನಮ್ಮ ತೋಟದ ಏಲಕ್ಕಿ

ಬೆಲೆಯ ಮಾತು ಬಂದಾಗ ನಮ್ಮ ಬೆಳೆಗಾರರ ಕಣ್ಣು ದೂರದ ಪೇಟೆಗಳ ಕಡೆಗೇ ಹೋಗುತ್ತದೆ. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್, ಏಲಕ್ಕಿಗೆ ಬೋಡಿನಾಯಕನೂರು ಮತ್ತು ಪುಟ್ಟಡಿಯ ಹರಾಜು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ತೋಟದ ಎಲ್ಲ ಹುಟ್ಟುವಳಿಯೂ ಅಷ್ಟು ದೂರ ಹೋಗಬೇಕೇ? ನಮ್ಮ ರಾಜ್ಯದಲ್ಲೇ, ನಾವು ಅಷ್ಟಾಗಿ ಗಮನಿಸದ ಗಿರಾಕಿಗಳಿದ್ದಾರೆ. ಬಾಗಲಕೋಟೆ ಜಿಲ್ಲೆಯ ಉದಾಹರಣೆಯಿಂದ ಈ ವಿಷಯವನ್ನು ವಿವರಿಸಬಯಸುತ್ತೇವೆ.

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿ ಅಮೀನಗಡ ಸಿಗುತ್ತದೆ. ಅಲ್ಲಿನ ಕರದಂಟು ನಾಡಿಗೆಲ್ಲ ಪ್ರಸಿದ್ಧ. ಕರಿದ ಅಂಟು ಎಂಬುದೇ ಕರದಂಟು. ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ, ಗಸಗಸೆ ಸೇರಿಸಿ, ಬೆಲ್ಲದ ಪಾಕದಲ್ಲಿ ಕಟ್ಟಿ, ಏಲಕ್ಕಿ ಮತ್ತು ಜಾಜಿಕಾಯಿಯ ಪುಡಿಯಿಂದ ಪರಿಮಳ ಕೊಡುತ್ತಾರೆ. ಬಾಣಂತಿಯರಿಗೆ ಶಕ್ತಿ ಕೊಡುವ ತಿನಿಸೆಂದೂ ಇದಕ್ಕೆ ಹೆಸರಿದೆ. ಈ ಸಾಮಗ್ರಿಗಳನ್ನು ಇನ್ನೊಮ್ಮೆ ಓದಿರಿ. ಬೆಲ್ಲಕ್ಕೆ ಅವರು ದೂರ ಹೋಗಬೇಕಾಗಿಲ್ಲ. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ ಅದೇ ಜಿಲ್ಲೆಯಲ್ಲಿದೆ. ಏಲಕ್ಕಿ ಮಲೆನಾಡಿನದು. ಗೋಡಂಬಿ, ಜಾಜಿಕಾಯಿ, ಕೊಬ್ಬರಿ ನಮ್ಮ ಕರಾವಳಿ, ಮಲೆನಾಡು, ಅರೆಮಲೆನಾಡಿನ ತೋಟಗಳಲ್ಲಿ ಅಡಿಕೆಯ ಜೊತೆಗೆ ಬೆಳೆಯುವಂಥವು.

ಜೋಳ ಕಲಿಸುವ ಪಾಠ

ಹುನಗುಂದದ ಎರೆಭೂಮಿ ಹಿಂಗಾರಿ ಜೋಳದ ನೆಲ. ಒಡ್ಡು ಹಾಕಿ ಮಳೆನೀರನ್ನು ಹೊಲದಲ್ಲೇ ಇಂಗಿಸಿ, ಆ ತೇವದ ಮೇಲೆಯೇ ಪೈರು ತೆಗೆಯುವ ಒಣಬೇಸಾಯಕ್ಕೆ ಆ ಸೀಮೆ ಹೆಸರಾಗಿದೆ. 2023-24ರಲ್ಲಿ ಮಾಲ್ದಂಡಿ ಜೋಳಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 3,225 ರೂಪಾಯಿ ಇತ್ತು. ಅಂದರೆ ಕಿಲೋಗೆ 32 ರೂಪಾಯಿಯ ಆಸುಪಾಸು. ಅದೇ ಜೋಳ ರೊಟ್ಟಿಯಾದರೆ? ಲೆಕ್ಕಕ್ಕಾಗಿ ಕಿಲೋ ಹಿಟ್ಟಿಗೆ ಹತ್ತು ರೊಟ್ಟಿ, ರೊಟ್ಟಿಗೆ 7 ರೂಪಾಯಿ ಎಂದು ಹಿಡಿಯಿರಿ; 70 ರೂಪಾಯಿ ಆಯಿತು. ಗಿರಣಿಯ ಕೂಲಿ, ಉರುವಲಿನ ಖರ್ಚು ಕಳೆದ ಮೇಲೂ ಉಳಿಯುವ ಹಣ ರೊಟ್ಟಿ ಬಡಿದ ಹೆಣ್ಣುಮಗಳ ಶ್ರಮಕ್ಕೆ ಸಲ್ಲುತ್ತದೆ, ಊರಿನಲ್ಲೇ ಉಳಿಯುತ್ತದೆ.

ಬಾದಾಮಿಯ ಬಳಿಯ ಬನಶಂಕರಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರು ಹೊತ್ತು ತಂದ ಹೆಣ್ಣುಮಕ್ಕಳು ಯಾತ್ರಿಕರಿಗೆ ಅಲ್ಲೇ ಉಣಬಡಿಸುತ್ತಾರೆ. ಬನದ ಹುಣ್ಣಿಮೆಯ ಜಾತ್ರೆಯಲ್ಲಂತೂ ಜನಸಾಗರವೇ ಸೇರುತ್ತದೆ. ಇಳಕಲ್ಲಿನಲ್ಲಿ ಗಿರಾಕಿ ಬೇರೆ ರೀತಿಯವನು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ಹೊಲವಿಲ್ಲದಿರಬಹುದು, ಆದರೆ ದಿನವೂ ರೊಟ್ಟಿ ಬೇಕು. ಯಾತ್ರಿಕನೇ ಆಗಲಿ, ನೇಕಾರನೇ ಆಗಲಿ, ಉಣ್ಣುವವನು ಬಳಿಯಲ್ಲಿದ್ದರೆ ರೈತನ ಮಾಲಿಗೆ ಇನ್ನೊಂದು ಬಾಗಿಲು ತೆರೆದಂತೆ.

ನಮ್ಮಲ್ಲೂ ಇದಕ್ಕೆ ನಿದರ್ಶನವಿದೆ. ಅಡಿಕೆ ಬೆಳೆಗಾರರ ರಕ್ಷಣೆಗೆಂದು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ತಿನಿಸು ಮಾಡುವವರು ಇದ್ದರೆ ಬೆಳೆಗೂ ನೆಲೆ ಇರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಯಾವ ಮಾಲು, ಹೇಗೆ?

ಬಾಗಲಕೋಟೆಯ ಕಡೆ ಚಹಾದ ರೂಢಿಯೇ ಹೆಚ್ಚು. ಆದ್ದರಿಂದ ಕಾಫಿಪುಡಿಯನ್ನು ಮುಂದಿಟ್ಟುಕೊಂಡು ಹೋಗುವುದು ಜಾಣತನವಲ್ಲ. ಅಡಿಕೆಗೆ ಈಗಾಗಲೇ ಅದರದೇ ವ್ಯಾಪಾರದ ದಾರಿಗಳಿವೆ. ಕರದಂಟು ಮಾಡುವವರಿಗೆ ಬೇಕಾಗುವ ಸಾಂಬಾರ ಪದಾರ್ಥ ಮತ್ತು ಗೋಡಂಬಿಯೇ ಸರಿಯಾದ ಆರಂಭ.

ಇದರಲ್ಲಿ ಸಣ್ಣ ಬೆಳೆಗಾರರಿಗೆ ಒಂದು ಅನುಕೂಲವಿದೆ. ಬಾಯಿ ಒಡೆದ ಏಲಕ್ಕಿಗೆ, ಬಣ್ಣ ಮಾಸಿದ ಕಾಯಿಗೆ, ಹೋಳಾದ ಗೋಡಂಬಿಗೆ ದೊಡ್ಡ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ತಿನಿಸು ಮಾಡುವವರಿಗೆ ಹೇಗೂ ಏಲಕ್ಕಿಯನ್ನು ಕುಟ್ಟಬೇಕು, ಗೋಡಂಬಿಯನ್ನು ಒಡೆಯಬೇಕು. ಅವರು ನೋಡುವುದು ಪರಿಮಳ ಮತ್ತು ರುಚಿ, ಕಾಯಿಯ ಗಾತ್ರವನ್ನಲ್ಲ. ಆದರೆ ಅಗ್ಗದ ದರ್ಜೆ ಎಂದರೆ ಕೆಟ್ಟ ಮಾಲು ಎಂದಲ್ಲ. ಕರದಂಟು ಬಹುದಿನ ಕೆಡದೆ ಇರುವುದು ಅದರಲ್ಲಿ ನೀರಿನಂಶ ಕಡಿಮೆ ಇರುವುದರಿಂದ. ಹಸಿ ಉಳಿದ ಕೊಬ್ಬರಿ, ಬೂಷ್ಟು ಹಿಡಿದ ಜಾಜಿಕಾಯಿ ಒಂದಿಷ್ಟು ಸೇರಿದರೂ ಇಡೀ ಹದ ಹಾಳು, ಮಾಡಿದವರ ಹೆಸರೂ ಹಾಳು. ಚೆನ್ನಾಗಿ ಒಣಗಿಸಿ, ಆರಿಸಿ, ಗಾಳಿಯಾಡದ ಚೀಲದಲ್ಲಿ ತುಂಬಿ ಕಳುಹಿಸಬೇಕು.

ಒಬ್ಬೊಬ್ಬ ಬೆಳೆಗಾರನೂ ಐದು ಕಿಲೋ ಏಲಕ್ಕಿ ಹಿಡಿದು ಅಮೀನಗಡಕ್ಕೆ ಹೋದರೆ ಬಸ್ಸಿನ ಖರ್ಚೂ ಹುಟ್ಟದು. ಇದು ಸಹಕಾರ ಸಂಘವೇ ಮಾಡಬೇಕಾದ ಕೆಲಸ. ಸದಸ್ಯರ ಮಾಲನ್ನು ಒಟ್ಟುಗೂಡಿಸಿ, ಒಂದೇ ದರ್ಜೆಗೆ ತಂದು, ಮೊದಲು ಮಾದರಿ ಕಳುಹಿಸಿ, ದರ ಮತ್ತು ಹಣದ ವಾಯಿದೆಯನ್ನು ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಸಣ್ಣ ತಯಾರಕರಿಗೆ ದೊಡ್ಡ ಗಂಟು ಒಮ್ಮೆಲೇ ಬೇಡ. ತಿಂಗಳು ತಿಂಗಳು ತಪ್ಪದೆ ಬರುವ ಸ್ವಲ್ಪ ಮಾಲು ಬೇಕು.

ವ್ಯಾಪಾರ ಒಮ್ಮುಖವಾಗಿದ್ದರೆ ಲಾರಿ ಬಾಡಿಗೆ ಭಾರವಾಗುತ್ತದೆ. ಹಿಂದಿರುಗುವಾಗ ಜೋಳ, ಕಡಲೆ, ಈರುಳ್ಳಿ, ಬೆಲ್ಲ ತಂದು ಸಂಘದ ಮಳಿಗೆಯಲ್ಲಿ ಮಾರಬಹುದು. ನಮ್ಮ ಮನೆಗಳಿಗೂ ತೋಟದ ಕೆಲಸಗಾರರಿಗೂ ಅವು ಬೇಕಾದವೇ. ಕೇಂದ್ರ ಸರ್ಕಾರವು 2020ರಲ್ಲಿ ಸಣ್ಣ ಆಹಾರ ಉದ್ದಿಮೆಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಬಾಗಲಕೋಟೆಗೆ ಈರುಳ್ಳಿಯನ್ನೂ ಕೊಡಗಿಗೆ ಕಾಫಿಯನ್ನೂ ಜಿಲ್ಲೆಯ ಉತ್ಪನ್ನವೆಂದು ಆರಿಸಲಾಯಿತು. ಅಲ್ಲಿನವರ ತೊಡಕು, ಇಲ್ಲಿನವರ ತೊಡಕು ಒಂದೇ ಬಗೆಯವು ಎಂಬುದಕ್ಕೆ ಇದೂ ಒಂದು ಗುರುತು.

ಇದು ಹೊಸ ಸಾಹಸವೂ ಅಲ್ಲ. ಅಮೀನಗಡಕ್ಕೆ ಸಮೀಪದ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಸಾವಿರ ವರ್ಷದ ಹಿಂದೆಯೇ ಅಡಿಕೆ, ಮೆಣಸು ಮುಂತಾದ ಸರಕನ್ನು ನಾಡಿನಿಂದ ನಾಡಿಗೆ ಸಾಗಿಸುತ್ತಿತ್ತು. ಇಂದು ಆ ಕೆಲಸಕ್ಕೆ ಬೆಳೆಗಾರರ ಸ್ವಂತ ಸಂಘಗಳಿವೆ. ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮಲ್ಲಿರುವ ಏಲಕ್ಕಿ, ಜಾಜಿಕಾಯಿ, ಗೋಡಂಬಿ, ಕೊಬ್ಬರಿಯ ಅಂದಾಜನ್ನು ಬರೆದು ತಂದರೆ, ಎಷ್ಟು ಮಾಲು ಕೂಡೀತೆಂದು ತಿಳಿಯುತ್ತದೆ. ಮಾದರಿ ಕಳುಹಿಸುವ ಕೆಲಸ ಅಲ್ಲಿಂದ ಆರಂಭವಾಗಲಿ.