ಯಾವ ಪ್ರವೇಶ ಪರೀಕ್ಷೆ? ಕಾರ್ಯಾಗಾರದ ಮನೆಯ ಲೆಕ್ಕಾಚಾರ

ಬೆಂಗಳೂರಿನ ಕುರುಬರಹಳ್ಳಿಯಿಂದ ಪೀಣ್ಯಕ್ಕಾಗಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕಾಗಲಿ ಹೆಚ್ಚು ದೂರವಿಲ್ಲ. ಲೇತ್ ಯಂತ್ರವಿಟ್ಟು ಜಾಬ್‌ವರ್ಕ್ ಮಾಡುವ ಸಣ್ಣ ಉದ್ದಿಮೆದಾರರ ಮನೆಯಲ್ಲಿ ಮಗನೋ ಮಗಳೋ ದ್ವಿತೀಯ ಪಿಯುಸಿ ತಲುಪಿದೊಡನೆ ಒಂದು ಪ್ರಶ್ನೆ ಏಳುತ್ತದೆ: ಎಷ್ಟು ಪ್ರವೇಶ ಪರೀಕ್ಷೆಗಳಿಗೆ ಕೂರಿಸಬೇಕು? ದುಡಿಯುವ ಬಂಡವಾಳದಿಂದಲೇ ಶುಲ್ಕ ಭರಿಸುವವರಿಗೆ ಇದು ವ್ಯವಹಾರದ ಪ್ರಶ್ನೆಯೂ ಹೌದು.

ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕವು 1984ರಲ್ಲಿಯೇ ಕಾನೂನಿನ ಮೂಲಕ ನಿಷೇಧಿಸಿತ್ತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಖಂಡಿಸಿತು. 1994ರಲ್ಲಿ ಸಿಇಟಿ ವ್ಯವಸ್ಥೆ ಬಂದಿತು. ಖಾಸಗಿ ಕಾಲೇಜುಗಳ ಕಾಮೆಡ್‌-ಕೆ 2004ರದು. ಅದರ ಮೂಲಕ ದೊರೆಯುವ ಸೀಟಿನ ಶುಲ್ಕ ಸರ್ಕಾರಿ ಕೋಟಾಕ್ಕಿಂತ ಅಧಿಕ. ಆಡಳಿತ ಮಂಡಳಿ ಕೋಟಾದ ಮಾತಂತೂ ಬೇರೆಯೇ.

ಎಂಜಿನಿಯರಿಂಗ್ ಬಯಸುವವರಿಗೆ ಸಿಇಟಿ ಬಿಡಲು ಕಾರಣವೇ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗೆ ತಲಾ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದರೆ ರ‍್ಯಾಂಕಿನ ಅರ್ಧಭಾಗ ಪಿಯುಸಿಯ ಇದೇ ವಿಷಯಗಳ ಅಂಕಗಳಿಂದ ಬರುತ್ತದೆಂಬುದನ್ನು ಅನೇಕ ಪಾಲಕರು ಮರೆಯುತ್ತಾರೆ. ಕೋಚಿಂಗ್‌ಗೆ ಹಣ ಸುರಿದು ಕಾಲೇಜು ಪಾಠವನ್ನು ಕಡೆಗಣಿಸುವುದು ಒಂದು ಗಿರಾಕಿಯನ್ನು ಹಿಡಿಯಲು ಹೋಗಿ ಇನ್ನೊಬ್ಬನನ್ನು ಕಳೆದುಕೊಂಡಂತೆ. ಸುರತ್ಕಲ್‌ನ ಎನ್‌ಐಟಿಯೋ ಧಾರವಾಡದ ಐಐಟಿಯೋ ಗುರಿಯಾಗಿದ್ದರೆ ಮಾತ್ರ ಜೆಇಇಯ ದೀರ್ಘ ಸಿದ್ಧತೆಗೆ ಅರ್ಥವಿದೆ. ನೆರೆಮನೆಯ ಹುಡುಗ ಬರೆಯುತ್ತಾನೆಂಬುದು ಕಾರಣವಾಗಲಾರದು.

ಆರಂಭದಲ್ಲಿ ಪ್ರವೇಶ ಪರೀಕ್ಷೆ ಬೇಡವಾದ ದಾರಿಯೊಂದು ಉದ್ದಿಮೆದಾರರ ಮಕ್ಕಳಿಗೆ ಹೆಚ್ಚು ಹೊಂದಬಹುದು. ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಷ್ಟರಲ್ಲಿ ಮನೆಯ ಯಂತ್ರಗಳ ಪರಿಚಯವೂ ಆಗಿರುತ್ತದೆ. ಆದರೆ ಈ ನಿರ್ಧಾರವನ್ನು ಹತ್ತನೇ ತರಗತಿಯಲ್ಲಿಯೇ ಕೈಗೊಳ್ಳುವುದು ಲೇಸು. ಪಿಯುಸಿ ಮುಗಿದ ಮೇಲೆ ನೆನಪಾದರೆ ಹಿಂದೆ ಬಿದ್ದಂತಾಗುತ್ತದೆ.

ಸಿಇಟಿ ಬರೆದ ಮಾತ್ರಕ್ಕೆ ಯಾರೂ ಕಟ್ಟುಬೀಳುವುದಿಲ್ಲ. ನಿಜವಾದ ನಿರ್ಧಾರ ಸೀಟು ಹಂಚಿಕೆಯ ದಿನದ್ದು. ಒಂದನೇ ಆಯ್ಕೆ ಒತ್ತಿದವರು ಆ ಸೀಟಿಗೇ ಸೇರಬೇಕು. ಎರಡನೆಯದನ್ನು ಒತ್ತಿದವರು ಅದನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಮೂರನೆಯದರಲ್ಲಿ ಕೈಯಲ್ಲಿದ್ದ ಸೀಟು ಹೋಗುತ್ತದೆ. ಶುಲ್ಕ ಪಾವತಿಗೆ ದೊರೆಯುವ ಅವಧಿ ಕೆಲವೇ ದಿನಗಳದ್ದಾದುದರಿಂದ, ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು ನಂಬಿ ಕೂರದೆ ಆ ಮೊತ್ತವನ್ನು ಮೊದಲೇ ಬೇರೆಯಾಗಿ ಎತ್ತಿಡಬೇಕಾಗುತ್ತದೆ.